ಬಿಳಿ ಸೆರಗಿನ ಚರಿತ್ರೆ

ಪುಣೆಯ ನಮ್ಮ ಕಟ್ಟಡದ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸು ಕಲಬುರಗಿ ಜಿಲ್ಲೆಯ ಒಂದು ತಾಂಡಾದವಳು. ನನ್ನೊಡನೆ ಕನ್ನಡ, ಎದುರು ಮನೆಯವರೊಡನೆ ಮರಾಠಿ, ಫೋನಿನಲ್ಲಿ ಅವ್ವನೊಡನೆ ಲಂಬಾಣಿ ಮಾತಾಡುತ್ತಾಳೆ. ಒಂದು ದಿನ ಗ್ಯಾಸ್ ಸಿಲಿಂಡರ್ ಸರಿಸಲು ಒಂದು ಕೈ ಹಾಕು ಎಂದಾಗ ಹಿಂದೆ ಸರಿದಳು. "ಚೀಲ ತಗ್ಸೀನ್ರಿ ಅಕ್ಕಾ, ಭಾರ ಎತ್ತಲಾಕ ಆಗಲ್ಲ" ಎಂದಳು. ಚೀಲ ಎಂದರೆ ಗರ್ಭಚೀಲ. ಯಾವಾಗ ಎಂದು ಕೇಳಿ ಲೆಕ್ಕ ಹಾಕಿದರೆ ಆಗ ಆಕೆಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಆಗಿರಬೇಕು. ಯಾಕೆ ಎಂದೆ. "ಬಿಳಿ ಹೋಗ್ತಿತ್ರಿ. ಹಂಗೇ ಬಿಟ್ರ ಕ್ಯಾನ್ಸರ್ ಆಗ್ತದ ಅಂದ್ರು." ಆಪರೇಶನ್ ಆದ ಆರನೆಯ ದಿನ ಜ್ವರ ಬಂತಂತೆ, ಕೆಟ್ಟ ವಾಸನೆ ಬಂತಂತೆ, ಮತ್ತೆ ಅದೇ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿ ಮತ್ತೊಮ್ಮೆ ಸಾಲ ಮಾಡಿ ಬಂದಳಂತೆ.

ನಾನು ವೈದ್ಯೆಯಲ್ಲ. ಸೂಕ್ಷ್ಮಜೀವಶಾಸ್ತ್ರ ಓದಿ, ಈಗ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಆಕೆ ಹೇಳಿದ ಎರಡು ಸಂಗತಿಗಳು, ಅಂದರೆ ಆಪರೇಶನ್‌ಗೆ ಮುಂಚಿನ ಬಿಳುಪು ಮತ್ತು ಆಪರೇಶನ್ ನಂತರದ ಜ್ವರ, ಆಕೆಯ ಮನಸ್ಸಿನಲ್ಲಿ ಬೇರೆ ಬೇರೆ ಕಷ್ಟಗಳಾಗಿದ್ದವು. ಅವುಗಳ ನಡುವೆ ಸಂಬಂಧ ಇರಬಹುದು ಎಂಬುದನ್ನು ವೈದ್ಯಶಾಸ್ತ್ರ ಕಂಡುಕೊಳ್ಳಲು ನೂರು ವರ್ಷ ಹಿಡಿಯಿತು. ಆ ನೂರು ವರ್ಷಗಳ ಕಥೆ ಕನ್ನಡದಲ್ಲಿ ಎಲ್ಲಿಯೂ ನನಗೆ ಓದಲು ಸಿಕ್ಕಿಲ್ಲ. ಸಿಗದಿರುವುದಕ್ಕೆ ಕಾರಣವೂ ಇದ್ದೀತು. ನಾವು ಇದನ್ನು 'ಬಿಳಿ ಸೆರಗು' ಎನ್ನುತ್ತೇವೆ. ಮುಚ್ಚಿಕೊಳ್ಳುವ ಬಟ್ಟೆಯ ಹೆಸರನ್ನೇ ಕಾಯಿಲೆಗೆ ಇಟ್ಟಿದ್ದೇವೆ.

ಮೊದಲು ಒಂದು ಮಾತು. ಬಿಳಿ ಸೆರಗೆಲ್ಲ ಕಾಯಿಲೆಯಲ್ಲ. ಋತುಚಕ್ರಕ್ಕೆ ತಕ್ಕಂತೆ ಎಲ್ಲ ಹೆಣ್ಣುಮಕ್ಕಳಿಗೂ ಸ್ವಲ್ಪ ಸ್ರಾವ ಇದ್ದೇ ಇರುತ್ತದೆ. ಕಾಯಿಲೆಯಾದಾಗಲೂ ಅದಕ್ಕೆ ಹಲವು ಕಾರಣಗಳಿವೆ: ಶಿಲೀಂಧ್ರ ಒಂದು, ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ ಇನ್ನೊಂದು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಮೂರನೆಯದು. ಯೋನಿಯಲ್ಲಿ ಸಹಜವಾಗಿ ವಾಸವಾಗಿರುವ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿ, ಒಂದು ಬಳಗ ಇಳಿದು ಇನ್ನೊಂದು ಬಳಗ ಏರುವುದು. ಇಂದು ಅದಕ್ಕೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಎನ್ನುತ್ತಾರೆ. ಇಲ್ಲಿರುವುದು ಅದರ ಕಥೆ.

ಕಥೆ ಶುರುವಾಗುವುದು ಬಾಣಂತಿಯರ ಸಾವಿನಿಂದ. 1847ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮೆಲ್‌ವೈಸ್ ಮಾಡಿದ ಕೆಲಸ ಈಗ ಶಾಲೆಯ ಪಾಠಗಳಲ್ಲೂ ಬಂದಿದೆ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು, ಒಂದು ವೈದ್ಯ ವಿದ್ಯಾರ್ಥಿಗಳದ್ದು, ಇನ್ನೊಂದು ಸೂಲಗಿತ್ತಿಯರದ್ದು. ವಿದ್ಯಾರ್ಥಿಗಳ ವಿಭಾಗದಲ್ಲೇ ಸಾವು ಬಹಳ ಹೆಚ್ಚು. ಹೆಣ ಕೊಯ್ಯುವ ಕೋಣೆಯಿಂದ ನೇರವಾಗಿ ಬಂದ ಕೈಗಳೇ ಇದಕ್ಕೆ ಕಾರಣ ಎಂದು ಊಹಿಸಿದ ಸೆಮೆಲ್‌ವೈಸ್ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು.

ಪಾಠ ಇಲ್ಲಿಗೆ ಮುಗಿಯುತ್ತದೆ, ಜಗಳ ಇಲ್ಲಿಂದ ಶುರುವಾಗುತ್ತದೆ. ಸೋಂಕು ಬರುವುದು ವೈದ್ಯರ ಕೈಯಿಂದ ಎಂದು ಒಪ್ಪಿದರೆ ಅಷ್ಟೂ ಸಾವುಗಳಿಗೆ ವೈದ್ಯರೇ ಹೊಣೆ. ಅದನ್ನು ಒಪ್ಪಲು ಯಾರಿಗೆ ತಾನೆ ಮನಸ್ಸಾದೀತು? ಕೈ ತೊಳೆದರೂ ಕೆಲವರಿಗೆ ಜ್ವರ ಬರುತ್ತಿದ್ದುದೂ ನಿಜ. ಸೆಮೆಲ್‌ವೈಸ್ ಕೂಡ ಅಂಥ ಕೆಲವು ಪ್ರಕರಣಗಳಲ್ಲಿ ನಂಜು ಹೆಂಗಸಿನ ದೇಹದ ಒಳಗಿನಿಂದಲೇ ಹುಟ್ಟುತ್ತದೆ ಎಂದು ಬರೆದಿದ್ದರು. ಜರ್ಮನಿಯ ವೈದ್ಯರು ಅದನ್ನು 'ಸ್ವಯಂ ಸೋಂಕು' ಎಂಬ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ತನಕ ಚರ್ಚಿಸಿದರು. ಶಾಸ್ತ್ರದ ಪ್ರಶ್ನೆಯಾಗಿ ಅದು ನ್ಯಾಯವಾದದ್ದೇ. ಆದರೆ ಅದು ಒಳ್ಳೆಯ ನೆಪವೂ ಆಗಿತ್ತು ಎಂದು ನನಗನ್ನಿಸುತ್ತದೆ. ಬಾಣಂತಿ ಸತ್ತರೆ ತಪ್ಪು ಆಕೆಯ ದೇಹದ್ದೇ ಎಂದುಬಿಡಬಹುದಲ್ಲ. ಈ ವಾದದ ಬಲದ ಮೇಲೆ ಹೆರಿಗೆಗೆ ಮುಂಚೆ ಎಲ್ಲ ಹೆಂಗಸರ ಯೋನಿಯನ್ನೂ ಪಾದರಸದ ಲವಣದಂಥ ಕಟು ದ್ರಾವಣಗಳಿಂದ ತೊಳೆಯುವ ಪದ್ಧತಿಯೂ ಹರಡಿತು.

ಲೈಪ್‌ಜಿಗ್‌ನ ಆಲ್ಬರ್ಟ್ ಡೋಡರ್‌ಲೈನ್ 1892ರಲ್ಲಿ ಪ್ರಕಟಿಸಿದ ಪುಸ್ತಕ ಹುಟ್ಟಿದ್ದು ಈ ಜಗಳದ ನಡುವೆ. ಅದರ ವಿಷಯವೇ ಯೋನಿಸ್ರಾವಕ್ಕೂ ಬಾಣಂತಿ ಜ್ವರಕ್ಕೂ ಇರುವ ಸಂಬಂಧ. ಗರ್ಭಿಣಿಯರ ಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆರೋಗ್ಯವಂತರಲ್ಲಿ ಹೆಚ್ಚಾಗಿ ಒಂದೇ ಬಗೆಯ, ಉದ್ದನೆಯ ಕಡ್ಡಿಯಂಥ ಬ್ಯಾಕ್ಟೀರಿಯಾ ಅವರಿಗೆ ಕಂಡಿತು. ಅದು ಲ್ಯಾಕ್ಟಿಕ್ ಆಮ್ಲವನ್ನು ಉತ್ಪತ್ತಿ ಮಾಡುತ್ತಿತ್ತು. ಆ ಹುಳಿಯಲ್ಲಿ ಕೀವು ಹುಟ್ಟಿಸುವ ಸ್ಟ್ಯಾಫಿಲೊಕಾಕಸ್ ಬದುಕುತ್ತಿರಲಿಲ್ಲ. ದೇಹ ತನ್ನ ಬಾಗಿಲಿಗೆ ತಾನೇ ಕಾವಲು ಇಟ್ಟುಕೊಂಡಿದೆ ಎಂಬುದು ಅಂದು ಹೊಸ ಮಾತು. ಬ್ಯಾಕ್ಟೀರಿಯಾ ಎಂದರೆ ರೋಗ ಎಂದೇ ಜಗತ್ತು ನಂಬಿದ್ದ ಕಾಲ ಅದು. ಕಾಲರಾ, ಕ್ಷಯಗಳ ರೋಗಾಣು ಸಿಕ್ಕಿ ಹತ್ತು ವರ್ಷ ಆಗಿತ್ತಷ್ಟೆ.

ಡೋಡರ್‌ಲೈನ್ ಕಂಡದ್ದು ಲ್ಯಾಕ್ಟೋಬ್ಯಾಸಿಲಸ್ ಕುಲದ ಜೀವಿಗಳನ್ನು. ನಮ್ಮ ಮನೆಯ ಹೆಪ್ಪಿನಲ್ಲಿರುವವು ಇವುಗಳ ನೆಂಟರೇ, ಆದರೆ ಪ್ರಭೇದ ಬೇರೆ. (ಹಾಗಾಗಿ ಮೊಸರು ಹಚ್ಚಿದರೆ ಸರಿಹೋಗುತ್ತದೆ ಎಂಬ ವಾಟ್ಸ್ಯಾಪ್ ವೈದ್ಯವನ್ನು ನಂಬಬೇಕಾಗಿಲ್ಲ.) ಹೆಣ್ಣು ಪ್ರಾಯಕ್ಕೆ ಬಂದಾಗ ಈಸ್ಟ್ರೋಜನ್ ಹಾರ್ಮೋನಿನಿಂದ ಯೋನಿಯ ಗೋಡೆಯ ಕೋಶಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟ ತುಂಬಿಕೊಳ್ಳುತ್ತದೆ. ಅದೇ ಇವುಗಳ ಆಹಾರ, ಹುಳಿ ಇವುಗಳ ಬಾಡಿಗೆ. ಆರೋಗ್ಯದಲ್ಲಿ ಅಲ್ಲಿನ ಪಿಎಚ್ ಸುಮಾರು 3.8ರಿಂದ 4.5ರ ನಡುವೆ ಇರುತ್ತದೆ, ಹೆಚ್ಚುಕಡಿಮೆ ಮೊಸರಿನಷ್ಟು ಹುಳಿ. ಬಾಡಿಗೆ ನಿಂತರೆ ಆಮ್ಲಜನಕವಿಲ್ಲದ ಕಡೆ ಬೆಳೆಯುವ ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳು ನೂರು ಪಟ್ಟು, ಸಾವಿರ ಪಟ್ಟು ಹೆಚ್ಚಿಕೊಳ್ಳುತ್ತವೆ.

ಡೋಡರ್‌ಲೈನ್ ನಂತರ ಬಂದ ಕಾರ್ಲ್ ಮೆಂಗೆ ಮತ್ತು ಬೆರ್ನ್‌ಹಾರ್ಟ್ ಕ್ರೋನಿಗ್ 1897ರಲ್ಲಿ ಹೊರತಂದ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಇರುವುದು ಒಂದೇ ಬಗೆಯದಲ್ಲ, ಆಮ್ಲಜನಕ ಬೇಡದ ಬಗೆಗಳೂ ಇವೆ ಎಂದು ತೋರಿಸಿದರು. ಹೊರಗಿನಿಂದ ಬಂದ ರೋಗಾಣುಗಳನ್ನು ಯೋನಿ ತಾನಾಗಿ ತೊಲಗಿಸುತ್ತದೆ, ಕಟು ದ್ರಾವಣಗಳಿಂದ ತೊಳೆದರೆ ಆ ಕೆಲಸ ನಿಧಾನವಾಗುತ್ತದೆ ಎಂಬುದನ್ನೂ ಕ್ರೋನಿಗ್ ಕಂಡುಕೊಂಡಿದ್ದರು. ಈ ಮಾತಿಗೆ ನೂರ ಇಪ್ಪತ್ತೈದು ವರ್ಷ ದಾಟಿತು. ಈ ನಡುವೆ ಅಮೆರಿಕದ ಪತ್ರಿಕೆಗಳು ನೆಲ ಒರೆಸುವ ಲೈಸಾಲನ್ನೇ ಹೆಂಗಸರ ಒಳಶುದ್ಧಿಗೆಂದು ದಶಕಗಟ್ಟಲೆ ಜಾಹೀರಾತು ಮಾಡಿದವು. ಈಗ ನಮ್ಮ ಮಾಲ್‌ಗಳ ಶೆಲ್ಫಿನಲ್ಲಿ ಗುಲಾಬಿ ಬಣ್ಣದ ಸೀಸೆಗಳಲ್ಲಿ 'ಇಂಟಿಮೇಟ್ ವಾಶ್' ಕೂತಿದೆ. ತೊಳೆಯಬೇಕಾದದ್ದು ಕೈ ಎಂದು ಸೆಮೆಲ್‌ವೈಸ್ ಹೇಳಿದ್ದರು.

ಇತ್ತ ಶಸ್ತ್ರವೈದ್ಯರಿಗೆ ಬ್ಯಾಕ್ಟೀರಿಯಾಗಳ ಹೆಸರು ಗೊತ್ತಾಗುವ ಮುಂಚೆಯೇ ಆ ಜಾಗದ ಭಯ ಗೊತ್ತಿತ್ತು. ಮ್ಯಾಂಚೆಸ್ಟರಿನ ಚಾರ್ಲ್ಸ್ ಕ್ಲೇ 1843ರಲ್ಲಿ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಾಗ ರೋಗಿ ಉಳಿಯಲಿಲ್ಲ. ಹತ್ತು ವರ್ಷದ ನಂತರ, 1853ರಲ್ಲಿ, ಅಮೆರಿಕದ ಲೊವೆಲ್‌ನಲ್ಲಿ ವಾಲ್ಟರ್ ಬರ್ನ್‌ಹ್ಯಾಮ್ ಮಾಡಿದ ಆಪರೇಶನ್‌ನಲ್ಲಿ ಮೊದಲ ಬಾರಿಗೆ ಹೆಂಗಸು ಬದುಕಿದಳು. ಅಲ್ಲಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ತನಕ ಬಹುಪಾಲು ವೈದ್ಯರು ಗರ್ಭಕೋಶದ ಮೇಲ್ಭಾಗವನ್ನಷ್ಟೇ ತೆಗೆದು ಗರ್ಭಕಂಠವನ್ನು ಒಳಗೇ ಬಿಡುತ್ತಿದ್ದರು. ಕಂಠವನ್ನೂ ತೆಗೆಯಬೇಕಾದರೆ ಯೋನಿಯ ಮೇಲ್ತುದಿಯನ್ನು ಕತ್ತರಿಸಬೇಕು. ಕತ್ತರಿಸಿದರೆ ಸೂಕ್ಷ್ಮಜೀವಿಗಳ ಆ ಜಗತ್ತಿಗೂ ಅವುಗಳ ಸುಳಿವಿರದ ಹೊಟ್ಟೆಯ ಒಳಭಾಗಕ್ಕೂ ಬಾಗಿಲು ತೆರೆಯುತ್ತದೆ. ಆಮೇಲೆ ಹೊಟ್ಟೆಯೆಲ್ಲ ನಂಜು.

1929ರಲ್ಲಿ ಬಾಲ್ಟಿಮೋರಿನ ಎಡ್ವರ್ಡ್ ರಿಚರ್ಡ್‌ಸನ್ ಪೂರ್ಣ ಗರ್ಭಕೋಶ ತೆಗೆಯುವ ಸರಳ ವಿಧಾನವೊಂದನ್ನು ವಿವರಿಸಿದರು. ಸಲ್ಫಾ ಬಂತು, ಪೆನಿಸಿಲಿನ್ ಬಂತು, ರಕ್ತ ಕೊಡುವುದು ಸುಲಭವಾಯಿತು. ಒಳಗೆ ಬಿಟ್ಟ ಕಂಠಕ್ಕೆ ಮುಂದೆ ಕ್ಯಾನ್ಸರ್ ಬರಬಹುದೆಂಬ ಚಿಂತೆಯೂ ಸೇರಿ, ಶತಮಾನದ ನಡುವಿನ ಹೊತ್ತಿಗೆ ಪೂರ್ತಿ ತೆಗೆಯುವುದೇ ರೂಢಿಯಾಯಿತು. ಹಾಗೆ ತೆಗೆದ ಮೇಲೆ ಯೋನಿಯ ತುದಿಯನ್ನು ಹೊಲಿದು ಮುಚ್ಚುತ್ತಾರೆ. ಅಂಗಿ ತೋಳಿನ ತುದಿಯ ಪಟ್ಟಿಯಂತೆ ಕಾಣುವುದರಿಂದ ವೈದ್ಯರು ಅದನ್ನು ಕಫ್ ಎನ್ನುತ್ತಾರೆ. ಹೊಲಿಗೆಯ ಮೇಲ್ಭಾಗದಲ್ಲಿ ಸ್ವಲ್ಪ ರಕ್ತ, ನೀರು ನಿಲ್ಲುತ್ತದೆ. ಬೆಚ್ಚಗಿನ, ಗಾಳಿಯಾಡದ, ಆಹಾರ ತುಂಬಿದ ಜಾಗ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ನಾವು ಕಷ್ಟಪಟ್ಟು ಸಿದ್ಧಪಡಿಸುವ ಪಾತ್ರೆ ಇದಕ್ಕಿಂತ ಚೆನ್ನಾಗಿರುವುದಿಲ್ಲ.

ಹಾಗಾಗಿ ಸಾವು ಇಳಿಯಿತೇ ಹೊರತು ಸೋಂಕು ಹೋಗಲಿಲ್ಲ. ಹೊಟ್ಟೆಯ ಮೂಲಕ ಗರ್ಭಕೋಶ ತೆಗೆದ 25 ಪ್ರಯೋಗಗಳ ಅಂಕಿಗಳನ್ನು 1993ರಲ್ಲಿ ಒಟ್ಟು ಸೇರಿಸಿ ನೋಡಿದಾಗ, ಮುಂಚಿತವಾಗಿ ಆಂಟಿಬಯಾಟಿಕ್ ಕೊಡದವರಲ್ಲಿ ನೂರಕ್ಕೆ 21 ಮಂದಿಗೆ ಗಂಭೀರ ಸೋಂಕು ಆಗಿತ್ತು, ಕೊಟ್ಟವರಲ್ಲಿ 9 ಮಂದಿಗೆ. ಇಂದು ಆಪರೇಶನ್‌ಗೆ ಸ್ವಲ್ಪ ಮುಂಚೆ ಒಂದು ಇಂಜೆಕ್ಷನ್ ಕೊಡುವುದು ಎಲ್ಲೆಡೆ ನಿಯಮ. ಆ 21 ಒಂಬತ್ತಕ್ಕೆ ಇಳಿದದ್ದು ದೊಡ್ಡ ವಿಷಯ. ಉಳಿದ ಒಂಬತ್ತು ಯಾರು ಎಂಬುದು ಮುಂದಿನ ಪ್ರಶ್ನೆ. ಒಂದೇ ವೈದ್ಯ, ಒಂದೇ ಕೋಣೆ, ಅದೇ ಇಂಜೆಕ್ಷನ್. ಒಬ್ಬಳು ನಾಲ್ಕನೆಯ ದಿನ ಮನೆಗೆ ಹೋಗುತ್ತಾಳೆ, ಇನ್ನೊಬ್ಬಳು ಜ್ವರ ಬಂದು ಮಲಗುತ್ತಾಳೆ.

ಉತ್ತರದ ಒಂದು ತುಂಡು ಬೇರೆಲ್ಲೋ ಸಿದ್ಧವಾಗುತ್ತಿತ್ತು. 1950ರ ದಶಕದ ತನಕ, ಶಿಲೀಂಧ್ರವೂ ಅಲ್ಲದ ಟ್ರೈಕೊಮೊನಾಸೂ ಅಲ್ಲದ ಎಲ್ಲ ಸ್ರಾವಕ್ಕೂ ವೈದ್ಯರು 'ನಿರ್ದಿಷ್ಟವಲ್ಲದ ಉರಿಯೂತ' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಹೂಸ್ಟನ್‌ನ ಹರ್ಮನ್ ಗಾರ್ಡ್ನರ್ ಮತ್ತು ಚಾರ್ಲ್ಸ್ ಡ್ಯೂಕ್ಸ್ 1955ರಲ್ಲಿ ಅದಕ್ಕೊಂದು ಗುರುತು ಕೊಟ್ಟರು: ತೆಳ್ಳನೆಯ ಬೂದು ಸ್ರಾವ, ಕೆಟ್ಟ ವಾಸನೆ, ಹುಳಿ ಕಡಿಮೆ. ಸೂಕ್ಷ್ಮದರ್ಶಕದಲ್ಲಿ, ಅಂಚೇ ಕಾಣದಷ್ಟು ಬ್ಯಾಕ್ಟೀರಿಯಾ ಮೆತ್ತಿಕೊಂಡ ಕೋಶಗಳು, ರವೆಯಲ್ಲಿ ಹೊರಳಿಸಿದ ವಡೆಯ ಹಾಗೆ. ಇವಕ್ಕೆ ಅವರು 'ಸುಳಿವಿನ ಕೋಶ' ಎಂಬರ್ಥದ ಹೆಸರು ಕೊಟ್ಟರು, ಕ್ಲೂ ಸೆಲ್. ರೋಗಕ್ಕೆ ಕಾರಣ ಎಂದು ಒಂದೇ ಬ್ಯಾಕ್ಟೀರಿಯಾವನ್ನು ಬೆರಳು ಮಾಡಿ ತೋರಿಸಿದರು. 1980ರಲ್ಲಿ ಅದಕ್ಕೆ ಗಾರ್ಡ್ನರ್ ಅವರದ್ದೇ ಹೆಸರಿಟ್ಟು ಗಾರ್ಡ್ನರೆಲ್ಲ ಎಂದರು.

ಬೆರಳು ಮಾಡಲು ಅವರು ಮಾಡಿದ ಪ್ರಯೋಗವನ್ನು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ. ಲ್ಯಾಬಿನಲ್ಲಿ ಶುದ್ಧವಾಗಿ ಬೆಳೆಸಿದ ಆ ಬ್ಯಾಕ್ಟೀರಿಯಾವನ್ನು 13 ಆರೋಗ್ಯವಂತ ಹೆಂಗಸರ ಯೋನಿಗೆ ಹಾಕಿದರು. ಒಬ್ಬಳಿಗೆ ಮಾತ್ರ ಕಾಯಿಲೆ ಬಂತು. ಆಮೇಲೆ ರೋಗಿಗಳ ಸ್ರಾವವನ್ನೇ ನೇರವಾಗಿ 15 ಹೆಂಗಸರಿಗೆ ಹಾಕಿದರು. 11 ಜನಕ್ಕೆ ಬಂತು. ಆ ಹೆಂಗಸರ ಹೆಸರು ಯಾರಿಗೂ ಬೇಕಾಗಲಿಲ್ಲ, ರೋಗಾಣುವಿಗೆ ಮಾತ್ರ ಹೆಸರು ಬಂತು. ಆದರೆ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಪ್ರಯೋಗ ಮಾಡಿದವರು ಓದಿದ್ದಕ್ಕಿಂತ ಬೇರೆಯೇ ಅರ್ಥ ಕಾಣುತ್ತದೆ. ಒಂದು ಬ್ಯಾಕ್ಟೀರಿಯಾ ಸಾಲದು. ಕಾಯಿಲೆ ದಾಟಿದ್ದು ಇಡೀ ಬಳಗ ದಾಟಿದಾಗ. ಒಬ್ಬ ಕಳ್ಳನನ್ನು ಹುಡುಕಿ ಕೋಳ ಹಾಕುವ ಹಳೆಯ ವಿಧಾನ ಇಲ್ಲಿ ನಡೆಯುವುದಿಲ್ಲ, ಊರೇ ಬದಲಾಗಿರುತ್ತದೆ.

ಔಷಧ ಸಿಕ್ಕಿದ್ದು ಇನ್ನೂ ಸ್ವಾರಸ್ಯವಾದ ದಾರಿಯಲ್ಲಿ. ಭೇದಿಯಾದಾಗ ನಮ್ಮ ಮನೆಗಳಲ್ಲಿ ಡಾಕ್ಟರನ್ನೂ ಕೇಳದೆ ನುಂಗುವ ಫ್ಲಾಜಿಲ್, ಮೆಟ್ರೋಜಿಲ್ ಗೊತ್ತಲ್ಲ, ಅದರ ಮೂಲ ವಸ್ತು ಮೆಟ್ರೊನಿಡಜೋಲ್. ಫ್ರಾನ್ಸಿನ ರೋನ್ ಪೂಲೆಂಕ್ ಕಂಪನಿ ಅದನ್ನು ತಯಾರಿಸಿದ್ದು ಟ್ರೈಕೊಮೊನಾಸ್‌ಗಾಗಿ. 1959ರ ಹೊತ್ತಿಗೆ ಅದು ಫಲ ಕೊಟ್ಟ ವರದಿ ಬಂತು. 1962ರಲ್ಲಿ ಇಂಗ್ಲೆಂಡಿನ ದಂತವೈದ್ಯ ಡೇವಿಡ್ ಶಿನ್ ಒಂದು ಸಣ್ಣ ಟಿಪ್ಪಣಿ ಬರೆದರು. ಟ್ರೈಕೊಮೊನಾಸ್‌ಗೆಂದು ಈ ಮಾತ್ರೆ ನುಂಗಿದ ಹೆಂಗಸೊಬ್ಬಳು ತನ್ನ ವಸಡಿನ ಹುಣ್ಣೂ ವಾಸಿಯಾಯಿತು ಎಂದು ಹೇಳಿದ್ದಳು. ವಸಡಿನಲ್ಲಿದ್ದದ್ದು ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ. ಒಂದು ಹೆಂಗಸಿನ ಮಾತನ್ನು ಒಬ್ಬ ವೈದ್ಯ ಕಿವಿಗೊಟ್ಟು ಕೇಳಿದ್ದರಿಂದ ಅಂಥ ಬ್ಯಾಕ್ಟೀರಿಯಾಗಳಿಗೆ ಮದ್ದು ಸಿಕ್ಕಿತು. ಈ ಇಡೀ ಚರಿತ್ರೆಯಲ್ಲಿ ಹಾಗೆ ಕಿವಿಗೊಟ್ಟ ಸಂದರ್ಭಗಳು ಹೆಚ್ಚಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

1974ರಲ್ಲಿ ಇಂಗ್ಲೆಂಡಿನ ಲೂಟನ್‌ನ ವೈದ್ಯರ ತಂಡ ಸ್ತ್ರೀರೋಗ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಇದೇ ಮಾತ್ರೆ ಸೋಂಕು ತಡೆಯುತ್ತದೆ ಎಂದು ತೋರಿಸಿತು. 1978ರಲ್ಲಿ ಸಿಯಾಟಲ್‌ನ ಸಂಶೋಧಕರು ಗಾರ್ಡ್ನರ್ ವರ್ಣಿಸಿದ ಆ 'ನಿರ್ದಿಷ್ಟವಲ್ಲದ' ಸ್ರಾವಕ್ಕೂ ಇದೇ ಮದ್ದು ಎಂದರು. 1983ರಲ್ಲಿ ಅದೇ ಊರಿನ ರಿಚರ್ಡ್ ಆಮ್ಸೆಲ್ ಮತ್ತು ಜೊತೆಗಾರರು ಪತ್ತೆಯ ನಾಲ್ಕು ಗುರುತುಗಳನ್ನು ಬರೆದಿಟ್ಟರು. ಸ್ರಾವದ ರೂಪ ನೋಡುವುದು, ಬಣ್ಣ ಬದಲಿಸುವ ಕಾಗದದ ಪಟ್ಟಿಯಿಂದ ಪಿಎಚ್ 4.5 ದಾಟಿದೆಯೇ ನೋಡುವುದು, ಒಂದು ತೊಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೀನಿನ ವಾಸನೆ ಬರುತ್ತದೆಯೇ ನೋಡುವುದು, ಗಾಜಿನ ಮೇಲೆ ಸುಳಿವಿನ ಕೋಶ ಹುಡುಕುವುದು. ನಾಲ್ಕರಲ್ಲಿ ಮೂರು ಇದ್ದರೆ ಸಾಕು. ಸ್ಕ್ಯಾನಿಂಗ್ ಬೇಡ, ದೊಡ್ಡ ಯಂತ್ರ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಷಯಕ್ಕೆ ಕಫ ನೋಡುವ ಸೂಕ್ಷ್ಮದರ್ಶಕವೇ ಸಾಕು.

ಎರಡು ಎಳೆಗಳು ಸೇರಿದ್ದು 1990ರಲ್ಲಿ. ಹೊಟ್ಟೆಯ ಮೂಲಕ ಗರ್ಭಕೋಶ ತೆಗೆಸಿಕೊಳ್ಳಲಿದ್ದ ಹೆಂಗಸರ ಸ್ರಾವವನ್ನು ಆಪರೇಶನ್‌ಗೆ ಮುಂಚೆಯೇ ಪರೀಕ್ಷಿಸಿ, ಆಮೇಲೆ ಯಾರಿಗೆ ಕಫ್‌ನ ಸೋಂಕು ಬರುತ್ತದೆಂದು ಅಮೆರಿಕದ ಡೇವಿಡ್ ಸೋಪರ್ ಮತ್ತು ಸಂಗಡಿಗರು ಕಾದು ನೋಡಿದರು. ಸಮತೋಲ ತಪ್ಪಿದ್ದವರಲ್ಲಿ ಅಪಾಯ ಸುಮಾರು ಮೂರು ಪಟ್ಟು. ಸ್ವೀಡನ್ನಿನ ಪರ್-ಗೋರನ್ ಲಾರ್ಸನ್ ಅವರ ತಂಡ ಇದೇ ಪ್ರಶ್ನೆಯನ್ನು ವರ್ಷಗಟ್ಟಲೆ ಹಿಡಿದು ಕೂತಿತು. 1992ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಕಾನೂನುಬದ್ಧ ಗರ್ಭಪಾತಕ್ಕೆ ಬಂದವರದ್ದು. ಸಮತೋಲ ತಪ್ಪಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಮುಂಚೆಯೇ ಮೆಟ್ರೊನಿಡಜೋಲ್, ಉಳಿದವರಿಗೆ ಮದ್ದಿಲ್ಲದ ಮಾತ್ರೆ, ಯಾರಿಗೆ ಯಾವುದೆಂದು ವೈದ್ಯರಿಗೂ ಗೊತ್ತಿಲ್ಲ. ಮಾತ್ರೆ ಪಡೆದ 84 ಜನರಲ್ಲಿ ಮೂವರಿಗೆ ಕಿಬ್ಬೊಟ್ಟೆಯ ಸೋಂಕು ಆಯಿತು, ಪಡೆಯದ 90 ಜನರಲ್ಲಿ ಹನ್ನೊಂದು ಮಂದಿಗೆ. 2002ರಲ್ಲಿ ಗರ್ಭಕೋಶದ ಆಪರೇಶನ್ ಬಗ್ಗೆ ಅವರ ಪ್ರಯೋಗ ಹೊರಬಂತು. ಸಮತೋಲ ತಪ್ಪಿದ್ದು ಆಪರೇಶನ್‌ನ ಹಿಂದೆ ಮುಂದೆ ಮೆಟ್ರೊನಿಡಜೋಲ್ ಪಡೆದವರಲ್ಲಿ ಒಬ್ಬರಿಗೂ ಕಫ್‌ನ ಸೋಂಕು ಬರಲಿಲ್ಲ. ಪಡೆಯದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬಂತು. ಸಣ್ಣ ಪ್ರಯೋಗ ನಿಜ, ಆದರೆ ಮಾತು ಸ್ಪಷ್ಟ. ಆಪರೇಶನ್‌ಗೆ ಮುಂಚೆ ಈ ಪರೀಕ್ಷೆ ಮಾಡಿ ಚಿಕಿತ್ಸೆ ಕೊಡುವುದನ್ನು ಅಮೆರಿಕದ ಪ್ರಸೂತಿ ತಜ್ಞರ ಸಂಘದ ಮಾರ್ಗದರ್ಶನವೂ ಹೇಳುತ್ತದೆ.

'ಸ್ವಯಂ ಸೋಂಕು' ಎಂದು ವಾದಿಸಿದವರ ಮಾತಿನಲ್ಲಿ ಅರ್ಧ ಸತ್ಯ ಇತ್ತು ಎಂದು ಇದರಿಂದ ಗೊತ್ತಾಗುತ್ತದೆ. ಸೋಂಕಿನ ಬೀಜ ಒಳಗಿನಿಂದಲೂ ಬರುತ್ತದೆ. ಆದರೆ ಅದು ಮುಂಚೆಯೇ ಕಾಣುತ್ತದೆ, ಮುಂಚೆಯೇ ಗುಣಪಡಿಸಬಹುದು. ನೋಡದೆ ಕತ್ತರಿ ಹಾಕಿದವನ ಕೈ ಈಗಲೂ ತೊಳೆದ ಕೈಯಲ್ಲ.

'ಸಮತೋಲ' ಎಂಬ ಮಾತನ್ನೂ ಅತಿಯಾಗಿ ನಂಬುವಂತಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಡೋಡರ್‌ಲೈನ್ ಕಂಡದ್ದು ಒಂದು ಊರಿನ ಹೆಂಗಸರನ್ನು. 2011ರಲ್ಲಿ ಜಾಕ್ ರವೆಲ್ ಮತ್ತು ಸಂಗಡಿಗರು ಡಿಎನ್ಎ ವಿಧಾನದಿಂದ ಅಮೆರಿಕದ ನಾಲ್ಕು ಸಮುದಾಯಗಳ 396 ಆರೋಗ್ಯವಂತ ಹೆಂಗಸರನ್ನು ಪರೀಕ್ಷಿಸಿದಾಗ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್‌ನ ಮೇಲುಗೈ ಇರಲಿಲ್ಲ. ಯಾವ ತೊಂದರೆಯೂ ಇರಲಿಲ್ಲ. ಕರಿಯ ಮತ್ತು ಹಿಸ್ಪಾನಿಕ್ ಹೆಂಗಸರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಪುಸ್ತಕದ 'ಸಹಜ' ಎಲ್ಲರ ಸಹಜವಲ್ಲ. ಇನ್ನೊಂದು ತೊಡಕು ಎಂದರೆ, ಮಾತ್ರೆಯಿಂದ ವಾಸಿಯಾದದ್ದು ಬಹಳ ಜನರಲ್ಲಿ ವರ್ಷದೊಳಗೆ ಮರುಕಳಿಸುತ್ತದೆ. ಗಾರ್ಡ್ನರ್ ಮತ್ತು ಡ್ಯೂಕ್ಸ್ ತಮ್ಮ ರೋಗಿಗಳ ಗಂಡಂದಿರಲ್ಲೂ ಅದೇ ಬ್ಯಾಕ್ಟೀರಿಯಾ ಕಂಡಿದ್ದರು. ಆದರೂ ಚಿಕಿತ್ಸೆ ಹೆಂಗಸಿಗೆ ಮಾತ್ರ ಎಂಬುದು ದಶಕಗಳ ರೂಢಿ. ಜೊತೆಗಾರ ಗಂಡಸಿಗೂ ಮದ್ದು ಕೊಟ್ಟು ನೋಡಿದ ಪ್ರಯೋಗವನ್ನು ಮೆಲ್ಬರ್ನ್‌ನ ಸಂಶೋಧಕರು 2025ರಲ್ಲಿ ಪ್ರಕಟಿಸಿದರು. ಹನ್ನೆರಡು ವಾರಗಳಲ್ಲಿ ಮರುಕಳಿಸಿದ್ದು ನೂರಕ್ಕೆ 35. ಹೆಂಗಸಿಗೆ ಮಾತ್ರ ಕೊಟ್ಟಾಗ 63. ಗಂಡಂದಿರಿಗೂ ಮದ್ದು ಕೊಟ್ಟರೆ ಫಲವಿದೆ ಎಂದು ಕಾಣಲು ಎಪ್ಪತ್ತು ವರ್ಷ ಬೇಕಾಯಿತು.

ಇನ್ನು ನಮ್ಮ ಕಡೆಗೆ. 1989ರಲ್ಲಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನೂರಕ್ಕೆ 92 ಜನಕ್ಕೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೆ ಮುಂಚೆ ಎಂದಾದರೂ ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8. ಜಗತ್ತಿನ ಆರೋಗ್ಯ ಕಾರ್ಯಕ್ರಮಗಳು ಬಡ ಹೆಂಗಸರನ್ನು ಗರ್ಭಿಣಿಯಾಗಿದ್ದಾಗ, ಇಲ್ಲವೇ ಗರ್ಭ ನಿಲ್ಲಿಸಬೇಕಾದಾಗ ಮಾತ್ರ ನೋಡುತ್ತಿದ್ದವು ಎಂಬುದನ್ನು ಆ ಎರಡು ಅಂಕಿ ತೋರಿಸಿತು. ಮೈಸೂರಿನಲ್ಲಿ ಪೂರ್ಣಿಮಾ ಮಾಧಿವಣನ್ ಮತ್ತು ಸಂಗಡಿಗರು 2005-06ರಲ್ಲಿ ಸುಮಾರು 900 ಯುವತಿಯರನ್ನು ಪರೀಕ್ಷಿಸಿದಾಗ ನೂರಕ್ಕೆ 19 ಜನರಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಇತ್ತು. ಅಂದರೆ ಕನ್ನಡ ನಾಡಿನಲ್ಲೂ ಕಾಗದದ ಪಟ್ಟಿ, ಗಾಜು, ಸೂಕ್ಷ್ಮದರ್ಶಕ ಹಿಡಿದು ಕೆಲಸ ಮಾಡಿದವರಿದ್ದಾರೆ, ಗೊತ್ತಿಲ್ಲದ ವಿದ್ಯೆಯೇನಲ್ಲ.

ಆದರೆ ಬಿಳಿ ಸೆರಗು ಎಂದು ಹೇಳಿಕೊಂಡು ಬಂದವಳಿಗೆ ಸಿಕ್ಕಿದ್ದು ಬೇರೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಮತ್ತು ದಲಿತ ಕೇರಿಗಳ ಕಿರಿಯ ವಯಸ್ಸಿನ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳು ಸಾಲುಸಾಲಾಗಿ ತೆಗೆದದ್ದು ಆರೋಗ್ಯ ಹೋರಾಟಗಾರರಿಂದ ಬೆಳಕಿಗೆ ಬಂತು. ಹೊಟ್ಟೆನೋವು, ಸೊಂಟನೋವು, ಬಿಳುಪು ಎಂದು ಹೋದವರು. ಸ್ಕ್ಯಾನ್ ಮಾಡಿ ಕ್ಯಾನ್ಸರ್ ಆಗುತ್ತದೆ ಎಂದರಂತೆ. 2017ರಲ್ಲಿ ಆ ಹೆಂಗಸರು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತರು. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯ ಬಂತು. ನಮ್ಮ ಬೆಳಗಾವಿ ಕಡೆಯ ಕಾರ್ಖಾನೆಗಳಿಗೂ ಕಬ್ಬು ಕಡಿಯಲು ಬರುವವರು ಇವರೇ. ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ ವಿಚಾರಿಸಿದ 82,309 ಹೆಂಗಸರಲ್ಲಿ 13,861 ಮಂದಿಗೆ ಗರ್ಭಕೋಶ ಇರಲಿಲ್ಲ. ಇಡೀ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಈ ಪ್ರಮಾಣ ನೂರಕ್ಕೆ ಮೂರರ ಆಸುಪಾಸು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮುಟ್ಟು ನಿಂತರೆ ಕೆಲಸಕ್ಕೆ ರಜೆ ಬೇಡ, ರಜೆ ಹಾಕಿದರೆ ದಂಡ, ಗದ್ದೆಯ ಬದುವಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಗುಡಿಸಿಲು, ತೊಳೆಯಲು ನೀರಿಲ್ಲ. ಆ ಹೆಂಗಸರು ಯಾವ ಲೆಕ್ಕಾಚಾರದ ನಡುವೆ 'ಆಗಲಿ' ಎಂದರು ಎಂಬುದನ್ನು ಲ್ಯಾಬಿನಲ್ಲಿ ಕೂತ ನಾನು ತೀರ್ಪು ಹೇಳಲಾರೆ. ಆದರೆ ವಾರದ ಮಾತ್ರೆಯಿಂದ ಗುಣವಾಗಬಹುದಾದದ್ದಕ್ಕೆ ಗರ್ಭಕೋಶ ಕಾರಣವೇ ಅಲ್ಲ. ಸ್ರಾವ ಇರುವುದು ಯೋನಿಯಲ್ಲಿ, ಗರ್ಭಕೋಶ ತೆಗೆದರೂ ಯೋನಿ ಅಲ್ಲೇ ಇರುತ್ತದೆ. ಅಷ್ಟೇ ಅಲ್ಲ, ಆ ಸ್ರಾವವನ್ನು ಗುಣಪಡಿಸದೆ ಕತ್ತರಿ ಹಾಕಿದರೆ, ಸೋಪರ್ ಮತ್ತು ಲಾರ್ಸನ್ ಎಚ್ಚರಿಸಿದ ಅದೇ ಅಪಾಯದ ಮೇಲೆ ಕತ್ತರಿ ಹಾಕಿದಂತೆ. ಯಾವುದು ಆಪರೇಶನ್‌ಗೆ ಮುಂಚೆ ತಡೆದು ನಿಲ್ಲಿಸಬೇಕಾದ ಎಚ್ಚರಿಕೆಯಾಗಬೇಕಿತ್ತೋ ಅದೇ ಆಪರೇಶನ್‌ಗೆ ಕಾರಣವಾಯಿತು.

ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳ ಬಗ್ಗೆ ವೈದ್ಯ ನರೇಂದ್ರ ಗುಪ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ಹಿಂದಿನ ವರ್ಷ ಮಾಡಿದ್ದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕು ಎಂದಿತು.

ಈ ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ಆಕೆಯ ಹಳೆಯ ಕಾಗದಗಳಿದ್ದರೆ ತರಲು ಹೇಳಿದೆ. ಆಧಾರ್ ಕಾರ್ಡಿನ ಜೊತೆಗೇ ಜೋಪಾನವಾಗಿ ಇಟ್ಟಿದ್ದಳು. ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪು, ಹಣ ಕಟ್ಟಿದ ರಸೀದಿಗಳು, ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರ. ಸ್ರಾವ ಪರೀಕ್ಷಿಸಿದ ಚೀಟಿ ಒಂದೂ ಇರಲಿಲ್ಲ. "ಅದ್ರಾಗ ಏನ್ ಬರ್ದಾರ್ರಿ ಅಕ್ಕಾ?" ಎಂದು ಒಗ್ಗರಣೆ ಹಾಕುತ್ತಲೇ ಕೇಳಿದಳು. ಓದುತ್ತಾ ಹೋದೆ. ಜ್ವರ ಬಂದು ಎರಡನೆಯ ಸಲ ಸೇರಿದಾಗಿನ ಬಿಡುಗಡೆ ಚೀಟಿ ಕೊನೆಯಲ್ಲಿತ್ತು. ಮನೆಗೆ ಒಯ್ಯಲು ಬರೆದುಕೊಟ್ಟ ಐದು ಮಾತ್ರೆಗಳಲ್ಲಿ ಮೂರನೆಯದು ಮೆಟ್ರೊನಿಡಜೋಲ್.